ಅಡ್ಡಹೆಸರಿನೊಳಗಿನ ಹೆಂಗಸರು

ಇಂಗ್ಲಿಷಿನಲ್ಲಿ 'ಸ್ಪಿನ್‌ಸ್ಟರ್' ಎಂಬ ಒಂದು ಮಾತಿದೆ. ಕಾಲೇಜಿನಲ್ಲಿ ನಮಗೆ ಕಾದಂಬರಿ ಕಲಿಸುತ್ತಿದ್ದ ಸರ್ ಅದಕ್ಕೆ 'ಮದುವೆಯಾಗದೆ ವಯಸ್ಸು ಮೀರಿದ ಹೆಣ್ಣು' ಎಂದು ಅರ್ಥ ಬರೆಸಿ ಮುಂದಿನ ಪುಟಕ್ಕೆ ಹೋಗಿಬಿಟ್ಟರು. ತರಗತಿಯಲ್ಲಿದ್ದ ಹುಡುಗರು ನಕ್ಕರು, ನಾವು ತಲೆ ತಗ್ಗಿಸಿ ಬರೆದುಕೊಂಡೆವು. ಆ ಮಾತಿನ ಹೊಟ್ಟೆಯೊಳಗೆ ಒಂದು ರಾಟಿ ತಿರುಗುತ್ತಿದೆ ಎಂದು ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ. ಸ್ಪಿನ್ ಎಂದರೆ ನೂಲುವುದು. ಕೊನೆಯ 'ಸ್ಟರ್' ಎಂಬುದು ಹಳೆಯ ಇಂಗ್ಲಿಷಿನಲ್ಲಿ ಹೆಣ್ಣನ್ನು ತೋರಿಸುವ ಬಾಲ. ನಮ್ಮಲ್ಲಿ ಸೂಲಗಿತ್ತಿ, ಅಗಸಗಿತ್ತಿ, ಹೂವಾಡಗಿತ್ತಿ ಎನ್ನುತ್ತೇವಲ್ಲ, ಆ 'ಗಿತ್ತಿ' ಇದ್ದ ಹಾಗೆ. ಸ್ಪಿನ್‌ಸ್ಟರ್ ಎಂದರೆ ನೂಲಗಿತ್ತಿ. ಕೈಯಲ್ಲಿ ಕಸುಬು ಇದ್ದವಳು, ತನ್ನ ಅನ್ನ ತಾನು ದುಡಿದುಕೊಳ್ಳುವವಳು. ಹದಿನೇಳನೆಯ ಶತಮಾನದ ಹೊತ್ತಿಗೆ ಕೋರ್ಟು ಕಾಗದಗಳಲ್ಲಿ ಮದುವೆಯಾಗದ ಹೆಣ್ಣಿನ ಹೆಸರಿನ ಮುಂದೆ ಈ ಪದ ಬರೆಯುವುದು ರೂಢಿಯಾಯಿತು. ಕಸುಬು ಹೋಗಿ ಕೊರತೆ ಉಳಿಯಿತು. ಇಂಗ್ಲೆಂಡಿನ ಮದುವೆ ರಿಜಿಸ್ಟರಿನಿಂದ ಈ ಪದವನ್ನು ಕೈಬಿಟ್ಟದ್ದು 2005ರ ಡಿಸೆಂಬರಿನಲ್ಲಿ.

ಆ ಬಾಲ ಹಿಡಿದುಕೊಂಡೇ ನಾನು ಇಂಗ್ಲಿಷರ ಅಡ್ಡಹೆಸರುಗಳ ಒಳಗೆ ಹೊಕ್ಕೆ ಎನ್ನಬೇಕು. ಪಿ. ಎಚ್. ರೀನಿ ಎಂಬುವರು 1958ರಲ್ಲಿ ಬ್ರಿಟಿಷ್ ಅಡ್ಡಹೆಸರುಗಳ ದೊಡ್ಡ ನಿಘಂಟೊಂದನ್ನು ಹೊರತಂದರು. ಸ್ಕಾಟ್ಲೆಂಡಿನ ಹೆಸರುಗಳಿಗೆ ಜಾರ್ಜ್ ಬ್ಲ್ಯಾಕ್ ಅವರ 1946ರ ಗ್ರಂಥವಿದೆ. ಇವು ಓದುವ ಪುಸ್ತಕಗಳಲ್ಲ, ತಿರುವಿಹಾಕುವ ಪುಸ್ತಕಗಳು. ಮಧ್ಯಾಹ್ನ ಊಟವಾದ ಮೇಲೆ ಒಂದು ಪುಟ ತೆಗೆದರೆ ಸಂಜೆಯ ಚಹಾ ಹೊತ್ತು ಮೀರುತ್ತದೆ.

ನಮ್ಮ ಉತ್ತರ ಕರ್ನಾಟಕದವರಿಗೆ ಈ ಲೋಕ ಅಪರಿಚಿತವೇನಲ್ಲ. ಕಮ್ಮಾರ ಅಲ್ಲಿ ಸ್ಮಿತ್. ಕುಂಬಾರ ಅಲ್ಲಿ ಪಾಟರ್. ಬಡಿಗೇರ ಅಲ್ಲಿ ರೈಟ್ ಅಥವಾ ಕಾರ್ಪೆಂಟರ್. ಮನೆಗೆ ಹುಲ್ಲಿನ ಚಾವಣಿ ಹೊದಿಸುವವನು ಥ್ಯಾಚರ್. 1979ರಿಂದ 1990ರವರೆಗೆ ಇಂಗ್ಲೆಂಡನ್ನು ಆಳಿದ ಮಾರ್ಗರೆಟ್ ಥ್ಯಾಚರ್ ಆ ಹೆಸರನ್ನು ಗಂಡನ ಕಡೆಯಿಂದ ಪಡೆದವರು. ಅವರ ತವರಿನ ಹೆಸರು ರಾಬರ್ಟ್ಸ್, ತಂದೆ ದಿನಸಿ ಅಂಗಡಿಯವರು. ಹುಲ್ಲು ಹೊದಿಸಿದವರು ಆ ಕಡೆಯೂ ಇಲ್ಲ, ಈ ಕಡೆಯೂ ಇಲ್ಲ, ಎಷ್ಟೋ ತಲೆಮಾರುಗಳ ಹಿಂದೆ ಯಾರೋ ಒಬ್ಬ.

ಅಡ್ಡಹೆಸರು ಅಲ್ಲಿ ಮೊದಲಿನಿಂದ ಇದ್ದದ್ದಲ್ಲ. 1066ರಲ್ಲಿ ನಾರ್ಮನ್ನರು ಫ್ರಾನ್ಸಿನಿಂದ ಬಂದು ಇಂಗ್ಲೆಂಡನ್ನು ಗೆದ್ದರು. ಅವರ ಜೊತೆ ವಿಲಿಯಂ, ರಾಬರ್ಟ್, ರಿಚರ್ಡ್ ಎಂಬ ಹೆಸರುಗಳು ಬಂದವು. ಗೆದ್ದವರ ಹೆಸರು ಎಲ್ಲರಿಗೂ ಬೇಕು. ನೂರು ಇನ್ನೂರು ವರ್ಷಗಳಲ್ಲಿ ಹಳೆಯ ಸ್ಯಾಕ್ಸನ್ ಹೆಸರುಗಳು ಬಹುಮಟ್ಟಿಗೆ ಮರೆತುಹೋಗಿ, ಒಂದೊಂದು ಹಳ್ಳಿಯಲ್ಲಿ ನಾಲ್ಕೈದು ಜಾನ್‌ಗಳು, ಮೂರ್ನಾಲ್ಕು ವಿಲಿಯಂಗಳು ಆದರು. ನೆರೆಯವರಿಗೆ ಇದರಿಂದ ತೊಂದರೆಯಿಲ್ಲ. ಕುಂಟ ಜಾನ್, ಕೆರೆಯ ಹತ್ತಿರದ ಜಾನ್ ಎಂದರೆ ಸಾಕು. ತೊಂದರೆಯಾದದ್ದು ಕಂದಾಯ ಬರೆಯುವ ಕರಣಿಕನಿಗೆ. ಹೊಲ ಯಾವ ಜಾನನದು, ತೆರಿಗೆ ಯಾವ ಜಾನ್ ಕೊಡಬೇಕು? ಹೀಗೆ ಗುರುತಿಗೆಂದು ಬರೆದ ಮಾತು ಮಗನಿಗೆ, ಮೊಮ್ಮಗನಿಗೆ ಅಂಟಿಕೊಂಡಿತು. 1400ರ ಹೊತ್ತಿಗೆ ಇಂಗ್ಲೆಂಡಿನ ಬಹುಪಾಲು ಮನೆಗಳಿಗೆ ಅಡ್ಡಹೆಸರು ನಿಂತುಹೋಗಿತ್ತು. 1377, 1379, 1381ರಲ್ಲಿ ಮೂರು ಬಾರಿ ತಲೆಗಂದಾಯ ಹಾಕಿದರು. ಮೂರನೆಯ ಬಾರಿ ರೈತರು ದಂಗೆಯೆದ್ದರು. ಅವರ ಮುಂದಾಳು ವಾಟ್ ಟೈಲರ್. ಹೆಸರೇ ಹೆಂಚು ಹೊದಿಸುವವನೆಂದು ಹೇಳುತ್ತದೆ.

ಹಳ್ಳಿಯ ಮಾತಿನಂತೆಯೇ ಹೆಸರುಗಳೂ ಸಿಕ್ಕಿದ್ದನ್ನೆಲ್ಲ ಎತ್ತಿಕೊಂಡವು. ಗುಡ್ಡದವನು ಹಿಲ್, ಕಾಡಿನ ಪಕ್ಕದವನು ಆಟ್‌ವುಡ್, ಊರಿನ ತುದಿಯ ಮನೆಯವನು ಟೌನ್‌ಸೆಂಡ್. ಕೆಂಚುಗೂದಲಿನವನು ರಸೆಲ್, ಸ್ಕಾಟ್ಲೆಂಡಿನಲ್ಲಾದರೆ ರೀಡ್. ಕ್ಯಾಂಬೆಲ್ ಎಂಬ ದೊಡ್ಡ ಮನೆತನದ ಹೆಸರನ್ನು ಗೇಲಿಕ್ ಭಾಷೆಯಲ್ಲಿ ಬಿಡಿಸಿದರೆ 'ಸೊಟ್ಟಬಾಯಿ' ಎಂದಾಗುತ್ತದೆ. ಕ್ಯಾಮರನ್ ಎಂದರೆ 'ಸೊಟ್ಟಮೂಗು'. ಯಾವನೋ ಪೂರ್ವಜನನ್ನು ಊರವರು ಆಡಿಕೊಂಡದ್ದು ಆಮೇಲೆ ಡ್ಯೂಕರ ಮನೆತನದ ಹೆಸರಾಯಿತು. ನನಗೆ ಈ ಹೆಸರುಗಳ ಮೇಲೆ ಪ್ರೀತಿ, ಅವರು ಬದಲಾಯಿಸಿಕೊಳ್ಳಲಿಲ್ಲವಲ್ಲ ಎಂದು.

ಈಗ ನಮ್ಮ 'ಗಿತ್ತಿ'ಯ ಕಡೆಗೆ ಬರೋಣ. ವೆಬ್‌ಸ್ಟರ್ ಎಂದರೆ ನೇಯುವವಳು. ಬ್ಯಾಕ್ಸ್‌ಟರ್ ಎಂದರೆ ರೊಟ್ಟಿ ಸುಡುವವಳು. ಬ್ರೂಸ್ಟರ್ ಎಂದರೆ ಏಲ್ ಎಂಬ ಮದ್ಯ ಕಾಸುವವಳು. ಡೆಕ್ಸ್‌ಟರ್ ಬಣ್ಣ ಹಾಕುವವಳು, ಕೆಂಪ್‌ಸ್ಟರ್ ಉಣ್ಣೆ ಬಾಚುವವಳು. ನಮ್ಮ ಮನೆಗಳ ಕಪಾಟಿನಲ್ಲಿರುವ ವೆಬ್‌ಸ್ಟರ್ ನಿಘಂಟಿನ ಬೆನ್ನಮೇಲೆ ಒಬ್ಬ ನೇಕಾರಗಿತ್ತಿ ಕೂತಿದ್ದಾಳೆ. 1828ರಲ್ಲಿ ಆ ನಿಘಂಟು ಹೊರತಂದ ಅಮೆರಿಕದ ನೋವಾ ವೆಬ್‌ಸ್ಟರ್ ಗಂಡಸು, ಹೆಸರು ಮಾತ್ರ ಹೆಂಗಸಿನದು. ಇಲ್ಲಿ ಒಂದು ಮಾತು ಹೇಳಬೇಕು. ವೆಬ್‌ಸ್ಟರ್ ಎಂಬ ಹೆಸರಿನವರೆಲ್ಲ ಒಬ್ಬ ಅಜ್ಜಿಯ ಮಗ್ಗದಿಂದಲೇ ಬಂದವರೆಂದು ಹೇಳುವಂತಿಲ್ಲ. ಹದಿಮೂರು ಹದಿನಾಲ್ಕನೆಯ ಶತಮಾನದ ಹೊತ್ತಿಗೆ 'ಸ್ಟರ್' ತನ್ನ ಹೆಣ್ತನವನ್ನು ಕಳೆದುಕೊಳ್ಳುತ್ತ ಬಂದು, ಗಂಡಸರನ್ನೂ ಹಾಗೆ ಕರೆಯುತ್ತಿದ್ದರು. ಆದರೂ ಗಂಡಸಿಗೆ ಆ ಪದ ಸಿಕ್ಕಿದ್ದು ಹೇಗೆ? ಆ ಕೆಲಸ ಮೊದಲು ಹೆಂಗಸರದಾಗಿತ್ತು ಎಂದಲ್ಲವೆ?

ಬ್ರೂಸ್ಟರ್‌ಳ ಕತೆ ಇನ್ನೂ ಸ್ಪಷ್ಟವಾಗಿದೆ. 1348ರ ಮಹಾಮಾರಿ ಪ್ಲೇಗಿಗೆ ಮುಂಚಿನ ಇಂಗ್ಲೆಂಡಿನಲ್ಲಿ ಏಲ್ ತಯಾರಿಸಿ ಮಾರುವುದು ಬಹಳಮಟ್ಟಿಗೆ ಹೆಂಗಸರ ಕೈಯಲ್ಲಿದ್ದ ಕೆಲಸ. ಮನೆಗೆಂದು ಕಾಸಿದ್ದರಲ್ಲಿ ಮಿಕ್ಕದ್ದನ್ನು ಬಾಗಿಲಲ್ಲೇ ಮಾರುವುದು. ಏಲ್ ನಾಲ್ಕು ದಿನಕ್ಕೆ ಹುಳಿಯಾಗುತ್ತಿತ್ತು, ಹಾಗಾಗಿ ದೊಡ್ಡ ವ್ಯಾಪಾರಕ್ಕೆ ಒಗ್ಗುತ್ತಿರಲಿಲ್ಲ. ಆಮೇಲೆ ಹಾಪ್ಸ್ ಎಂಬ ಬಳ್ಳಿಯ ಹೂವು ಹಾಕಿ ಕಾಸುವ ಬಿಯರ್ ಬಂತು. ಅದು ಕೆಡುವುದಿಲ್ಲ, ಪೀಪಾಯಿಯಲ್ಲಿ ದೂರದ ಊರಿಗೆ ಕಳಿಸಬಹುದು. ಬಂಡವಾಳ ಬೇಕಾಯಿತು, ದೊಡ್ಡ ಹಂಡೆಗಳು ಬೇಕಾದವು, ಸಂಘಗಳಾದವು. ಕೆಲಸ ಲಾಭದ್ದಾದ ಕೂಡಲೇ ಗಂಡಸರ ಕೈಗೆ ಹೋಯಿತು. ಇದನ್ನು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮನೆಯಲ್ಲಿ ಅಡಿಗೆ ಮಾಡುವವಳು ಹೆಂಗಸು, ಮದುವೆಮನೆಯಲ್ಲಿ ಹಣ ಎಣಿಸಿಕೊಳ್ಳುವ ಅಡಿಗೆಯವರು ಗಂಡಸರು.

ಇನ್ನೊಂದು ಹೆಸರು ವಾಕರ್. ನಡೆಯುವವನು ಎಂದೇ ಅರ್ಥ, ಆದರೆ ದಾರಿಯ ಮೇಲಲ್ಲ, ಬಟ್ಟೆಯ ಮೇಲೆ. ಮಗ್ಗದಿಂದ ಇಳಿದ ಉಣ್ಣೆಯ ಬಟ್ಟೆ ಸಡಿಲವಾಗಿರುತ್ತದೆ. ಅದನ್ನು ನೀರಿನಲ್ಲಿ ನೆನೆಹಾಕಿ ಗಂಟೆಗಟ್ಟಲೆ ತುಳಿದರೆ ಎಳೆಗಳು ಬಿಗಿದುಕೊಂಡು ದಪ್ಪವಾಗುತ್ತದೆ. ಇದೇ ಕೆಲಸದವನಿಗೆ ಉತ್ತರದಲ್ಲಿ, ಸ್ಕಾಟ್ಲೆಂಡಿನಲ್ಲಿ ವಾಕರ್, ಇಂಗ್ಲೆಂಡಿನ ನೈಋತ್ಯದಲ್ಲಿ ಟಕರ್, ದಕ್ಷಿಣ ಮತ್ತು ಪೂರ್ವದಲ್ಲಿ ಫುಲ್ಲರ್ ಎಂದು ಹೆಸರು. ಆದರೆ ಸ್ಕಾಟ್ಲೆಂಡಿನ ಪಶ್ಚಿಮದ ದ್ವೀಪಗಳಲ್ಲಿ ಬಟ್ಟೆಯನ್ನು ಹೀಗೆ ಬಿಗಿಗೊಳಿಸುತ್ತಿದ್ದವರು ಹೆಂಗಸರು. ಉದ್ದನೆಯ ಹಲಗೆಯ ಸುತ್ತ ಕೂತು ಒದ್ದೆ ಬಟ್ಟೆಯನ್ನು ಕುಕ್ಕುತ್ತ, ಒಬ್ಬರಿಂದೊಬ್ಬರಿಗೆ ದಾಟಿಸುತ್ತ ಹಾಡುತ್ತಿದ್ದರು. ನಮ್ಮ ಬೀಸುವ ಹಾಡು, ಕುಟ್ಟುವ ಹಾಡುಗಳ ಅಕ್ಕತಂಗಿಯರು ಆ ಹಾಡುಗಳು. ಇಪ್ಪತ್ತನೆಯ ಶತಮಾನದವರೆಗೂ ಈ ಪದ್ಧತಿ ಉಳಿದಿತ್ತು. ಹಾಡು ಅವರದಾಗಿ ಉಳಿಯಿತು, ಹೆಸರು ಆಗಲಿಲ್ಲ.

ತಂದೆಯ ಹೆಸರಿನಿಂದ ಹುಟ್ಟಿದ ಹೆಸರುಗಳಂತೂ ಲೆಕ್ಕವಿಲ್ಲದಷ್ಟು. ಜಾನ್ಸನ್ ಎಂದರೆ ಜಾನನ ಮಗ. ರಾಬರ್ಟನನ್ನು ಮುದ್ದಿಗೆ ರಾಬ್, ಹಾಬ್, ಡಾಬ್ ಎನ್ನುತ್ತಿದ್ದರು, ಆದ್ದರಿಂದ ರಾಬ್ಸನ್, ಹಾಬ್ಸನ್, ಡಾಬ್ಸನ್. ಇವನ್ನು ಬೇಗ ದಾಟಿಬಿಡೋಣ. ನಾನು ಹುಡುಕಿದ್ದು ತಾಯಿಯ ಹೆಸರಿನವರನ್ನು. ಇದ್ದಾರೆ! ಟಿಲಟ್‌ಸನ್ ಎಂದರೆ ಮಟಿಲ್ಡಾಳ ಮಗ. ಮೆಗ್‌ಸನ್ ಎಂದರೆ ಮಾರ್ಗರೆಟ್ಟಳ ಮಗ. ಇಬಟ್‌ಸನ್‌ನ ಒಳಗೆ ಇಸಬೆಲ್ ಇದ್ದಾಳೆ, ಸಿಸನ್ಸ್‌ನ ಒಳಗೆ ಸಿಸಿಲಿ, ಎಮಟ್‌ನ ಒಳಗೆ ಎಮ್ಮಾ, ಮ್ಯಾರಿಯಟ್‌ನ ಒಳಗೆ ಮೇರಿ. ದೊಡ್ಡ ದೊಡ್ಡ ನಗರಗಳಲ್ಲಿ ಮ್ಯಾರಿಯಟ್ ಹೋಟೆಲಿನ ಮುಂದೆ ಹಾದುಹೋಗುವಾಗ ನೆನಪಿಡಿ, ಅದು 'ಪುಟ್ಟ ಮೇರಿ'ಯ ಹೆಸರು.

ತಾಯಿಯ ಹೆಸರೆಂದ ಕೂಡಲೇ, ತಂದೆ ಯಾರೆಂದು ತಿಳಿಯದ ಮಕ್ಕಳಿರಬೇಕು ಎಂದು ಹಿಂದೆ ಕೆಲವರು ತೀರ್ಮಾನಿಸುತ್ತಿದ್ದರು. ಕೆಲವೊಮ್ಮೆ ಹಾಗಿದ್ದಿರಲೂಬಹುದು. ಆದರೆ ಗಂಡ ಬೇಗ ಸತ್ತು ಮಕ್ಕಳನ್ನು ಒಬ್ಬಳೇ ಬೆಳೆಸಿದವಳು, ತನ್ನ ಹೆಸರಿನಲ್ಲೇ ಹೊಲ ಇದ್ದವಳು, ಗಂಡನಿಗಿಂತ ಊರಿಗೆ ಹೆಚ್ಚು ಗೊತ್ತಿದ್ದವಳು, ಇವರ ಮಕ್ಕಳೂ ತಾಯಿಯ ಹೆಸರಿನಿಂದಲೇ ಕರೆಯಿಸಿಕೊಂಡರು. ನಮ್ಮ ಓಣಿಯಲ್ಲಿ 'ಗಂಗವ್ವನ ಮಗ' ಎಂದು ಒಬ್ಬನನ್ನು ಕರೆದರೆ ಯಾರೂ ತಪ್ಪು ತಿಳಿಯುವುದಿಲ್ಲ. ಗಂಗವ್ವ ಅಂಥ ಹೆಂಗಸು ಎಂದಷ್ಟೇ ಅರ್ಥ. ಕೆಲವು ಹಳೆಯ ಲೆಕ್ಕಪತ್ರಗಳಲ್ಲಿ 'ಟಾಮನ ಮಗಳು', 'ಜಾನನ ಹೆಂಡತಿ' ಎಂದೇ ಅಡ್ಡಹೆಸರಿರುವ ಹೆಂಗಸರೂ ಕಾಣಿಸುತ್ತಾರೆ. ಆದರೆ 'ಸನ್' ಉಳಿದಂತೆ 'ಡಾಟರ್' ಮುಂದಿನ ತಲೆಮಾರಿಗೆ ದಾಟಲಿಲ್ಲ. ಇವತ್ತು ಜಾನ್ಸನ್ ಮನೆಯಲ್ಲಿ ಹುಟ್ಟಿದ ಹುಡುಗಿಯೂ ಹೆಸರಿನ ಪ್ರಕಾರ ಜಾನನ ಮಗನೇ!

ಸ್ಕಾಟ್ಲೆಂಡಿನ ಗೇಲಿಕ್ ಭಾಷೆ ಈ ವಿಷಯದಲ್ಲಿ ಹೆಚ್ಚು ಮರ್ಯಾದಸ್ಥ. ಮ್ಯಾಕ್ ಎಂದರೆ ಮಗ. ಮ್ಯಾಕ್‌ಡೊನಾಲ್ಡ್ ಡೊನಾಲ್ಡನ ಮಗ, ಮ್ಯಾಕಿಂಟಾಯರ್ ಬಡಗಿಯ ಮಗ, ಮ್ಯಾಕ್‌ಫರ್ಸನ್ ಪಾದ್ರಿಯ ಮಗ. ಆದರೆ ಹೆಣ್ಣಾದರೆ ಗೇಲಿಕ್ಕಿನಲ್ಲಿ 'ಮ್ಯಾಕ್' ಬದಲು 'ನಿಕ್' ಎನ್ನುತ್ತಾರೆ. ಅಣ್ಣ ಮ್ಯಾಕ್, ತಂಗಿ ನಿಕ್. ಇಂಗ್ಲಿಷಿನಲ್ಲಿ ಬರೆಯುವ ಗುಮಾಸ್ತರಿಗೆ ಈ ಸೂಕ್ಷ್ಮ ಬೇಕಾಗಲಿಲ್ಲ, ಎಲ್ಲರನ್ನೂ ಮ್ಯಾಕ್ ಮಾಡಿದರು. ನಮ್ಮ ನಾಡಿನ ಊರೂರು ಅಲೆದು ಕೈಫಿಯತ್ತುಗಳನ್ನು ಬರೆಸಿಟ್ಟ ಕಾಲಿನ್ ಮೆಕೆಂಜಿ ಇದೇ ಗೇಲಿಕ್ ಸೀಮೆಯ ಲೂಯಿಸ್ ದ್ವೀಪದವನು. ಮೆಕೆಂಜಿ ಎಂದರೆ ಕೆನೆತ್ತನ ಮಗ.

ಹೆಸರು ಇರುವುದೇ ಪ್ರಾಣಕ್ಕೆ ಕುತ್ತಾದ ಒಂದು ಕತೆಯೂ ಅಲ್ಲಿದೆ. ಮ್ಯಾಕ್‌ಗ್ರೆಗರ್ ಎಂಬ ಕುಲದವರು ಗುಡ್ಡಗಾಡಿನವರು. ಅವರ ನೆಲವನ್ನು ಕ್ಯಾಂಬೆಲ್ಲರು ಕಾಗದಪತ್ರದ ಬಲದಿಂದ ಒಂದೊಂದಾಗಿ ಕಿತ್ತುಕೊಂಡರು. ನೆಲ ಹೋದವರು ದನ ಹೊಡೆದುಕೊಂಡು ಹೋಗುವ ಲೂಟಿಗಾರರಾದರು. 1603ರ ಫೆಬ್ರವರಿಯಲ್ಲಿ ಗ್ಲೆನ್ ಫ್ರೂಯಿನ್ ಎಂಬ ಕಣಿವೆಯಲ್ಲಿ ಅವರು ಕಹೂನ್ ಕುಲದವರನ್ನು ದೊಡ್ಡ ಸಂಖ್ಯೆಯಲ್ಲಿ ಕೊಂದರು. ಸತ್ತವರ ಹೆಂಡಂದಿರು ರಕ್ತ ಮೆತ್ತಿದ ಅಂಗಿಗಳನ್ನು ಹಿಡಿದು ರಾಜ ಆರನೆಯ ಜೇಮ್ಸನ ಎದುರಿಗೆ ಮೆರವಣಿಗೆ ಹೋದರೆಂದು ಪ್ರತೀತಿಯಿದೆ. ಏಪ್ರಿಲ್ 3ರಂದು ಆಜ್ಞೆ ಹೊರಟಿತು. ಮ್ಯಾಕ್‌ಗ್ರೆಗರ್ ಎಂಬ ಹೆಸರೇ ಇನ್ನು ಇರಕೂಡದು, ಇಟ್ಟುಕೊಂಡವರಿಗೆ ಮರಣದಂಡನೆ. ಎರಡು ದಿನ ಬಿಟ್ಟು ಜೇಮ್ಸ್ ಇಂಗ್ಲೆಂಡಿನ ಸಿಂಹಾಸನ ಏರಲು ಲಂಡನ್ನಿಗೆ ಹೊರಟ. ಕುಲದ ಮುಖಂಡ ಅಲಸ್ಟೇರನನ್ನು ಮರುವರ್ಷ ಜನವರಿಯಲ್ಲಿ ಎಡಿನ್‌ಬರೋದಲ್ಲಿ ನೇಣಿಗೆ ಹಾಕಿದರು. ಊಟಕ್ಕೆ ಮಾಂಸ ಕೊಯ್ಯುವ ಮೊನೆಯಿಲ್ಲದ ಚಾಕು ಬಿಟ್ಟು ಬೇರೆ ಆಯುಧ ಇವರು ಇಟ್ಟುಕೊಳ್ಳುವಂತಿರಲಿಲ್ಲ.

ಒಂದು ಕುಲಕ್ಕೆ ಕುಲವೇ ಹೆಸರು ಬದಲಿಸಿತು. ಯಾರೋ ಗ್ರಾಂಟ್ ಆದರು, ಯಾರೋ ಮರ್ರೆ, ಯಾರೋ ಡ್ರಮಂಡ್. 1661ರಲ್ಲಿ ನಿಷೇಧ ಹೋಯಿತು, 1693ರಲ್ಲಿ ಮತ್ತೆ ಬಂತು, ಪೂರ್ತಿ ರದ್ದಾದದ್ದು 1774ರಲ್ಲಿ. ವಾಲ್ಟರ್ ಸ್ಕಾಟ್ 1817ರಲ್ಲಿ ಕಾದಂಬರಿ ಬರೆದು ಹೆಸರುವಾಸಿ ಮಾಡಿದ ರಾಬ್ ರಾಯ್ ಮ್ಯಾಕ್‌ಗ್ರೆಗರ್ ಈ ಎರಡನೆಯ ನಿಷೇಧದ ಕಾಲದವನು. ಅವನು ಇಟ್ಟುಕೊಂಡ ಹೆಸರು ಕ್ಯಾಂಬೆಲ್. ಶತ್ರುಗಳ ಹೆಸರು ಯಾಕೆ ಎಂದು ಕೇಳುತ್ತೀರೇನು? ಅದು ಅವನ ತಾಯಿಯ ತವರಿನ ಹೆಸರು. ತಾಯಿ ಮಾರ್ಗರೆಟ್ ಕ್ಯಾಂಬೆಲ್. ಗಂಡಸಿನ ಹೆಸರನ್ನು ಸರಕಾರ ಅಳಿಸಿದಾಗ ಅಮ್ಮನ ಹೆಸರು ಕಂಬಳಿಯಂತೆ ಹೊದೆಯಲು ಸಿಕ್ಕಿತು.

ಆಸ್ತಿ ಬರುವುದಾದರೆ ಗಂಡಸರು ಹೆಸರು ಬದಲಿಸಲು ಹಿಂಜರಿದದ್ದಿಲ್ಲ. ಹ್ಯೂ ಸ್ಮಿತ್‌ಸನ್ ಎಂಬಾತ 1750ರಲ್ಲಿ ಹೆಂಡತಿಯ ಕಡೆಯ ದೊಡ್ಡ ಆಸ್ತಿಗೋಸ್ಕರ ಪಾರ್ಲಿಮೆಂಟಿನ ಕಾಯಿದೆ ಮಾಡಿಸಿಕೊಂಡು ಪರ್ಸಿ ಆದ, ಮುಂದೆ ಡ್ಯೂಕನೂ ಆದ. 1800-1801ರಲ್ಲಿ ಮೈಸೂರು ಸೀಮೆ ಮತ್ತು ಕೆನರಾಗಳಲ್ಲಿ ಸಂಚರಿಸಿ ನಮ್ಮ ಬೆಳೆ, ನೇಯ್ಗೆ, ಸಂತೆಗಳನ್ನು ಬರೆದಿಟ್ಟ ಫ್ರಾನ್ಸಿಸ್ ಬುಕಾನನ್ ಕೂಡ, 1815ರಲ್ಲಿ ಭಾರತ ಬಿಟ್ಟು ಸ್ಕಾಟ್ಲೆಂಡಿಗೆ ಮರಳಿದ ಮೇಲೆ, ತಾಯಿಯ ಕಡೆಯ ಆಸ್ತಿ ಬಂದಾಗ ತಾಯಿಯ ಹೆಸರಾದ ಹ್ಯಾಮಿಲ್ಟನ್ ಅನ್ನು ಇಟ್ಟುಕೊಂಡ. ನಮ್ಮ ಚರಿತ್ರೆಯ ಪುಸ್ತಕಗಳಲ್ಲಿ ಒಮ್ಮೆ ಬುಕಾನನ್, ಒಮ್ಮೆ ಹ್ಯಾಮಿಲ್ಟನ್ ಎಂದು ಕಂಡರೆ ಇಬ್ಬರೆಂದು ತಿಳಿಯಬೇಡಿ.

ಇವೆಲ್ಲಕ್ಕಿಂತ ನನಗೆ ಹತ್ತಿರವಾದದ್ದು ಜೇನ್ ಆಸ್ಟೆನ್‌ಳ ಮನೆಯ ಕತೆ. ಅವಳ ಅಣ್ಣ ಎಡ್ವರ್ಡನನ್ನು ನೈಟ್ ಎಂಬ ಮಕ್ಕಳಿಲ್ಲದ ಶ್ರೀಮಂತ ದಂಪತಿ ದತ್ತು ತೆಗೆದುಕೊಂಡರು. 1812ರಲ್ಲಿ ಆ ತಾಯಿ ತೀರಿಕೊಂಡ ಮೇಲೆ ಎಡ್ವರ್ಡ್ ಮತ್ತು ಅವನ ಮಕ್ಕಳೆಲ್ಲ ಆಸ್ಟೆನ್ ಹೋಗಿ ನೈಟ್ ಆದರು. ಹಿರಿಯ ಮಗಳು ಫ್ಯಾನಿಗೆ ಆಗ ಹತ್ತೊಂಬತ್ತು. ಇದು ತನಗೆ ಎಷ್ಟು ಅಸಹ್ಯವೆಂದು ಅವಳು ಡೈರಿಯಲ್ಲಿ ಬರೆದುಕೊಂಡಳು. ಅವಳನ್ನು ಕೇಳಿದವರು ಯಾರು? 1820ರಲ್ಲಿ ಮದುವೆಯಾಗಿ ಫ್ಯಾನಿ ನ್ಯಾಚ್‌ಬುಲ್ ಆದಳು, ಮೂರನೆಯ ಹೆಸರು. ಇತ್ತ ಜೇನ್ ಬದುಕಿದ್ದು, ಬರೆದದ್ದು 1809ರಿಂದ ಚಾಟನ್ನಿನಲ್ಲಿ ಅದೇ ನೈಟ್ ಆಸ್ತಿಯ ಒಂದು ಸಣ್ಣ ಮನೆಯಲ್ಲಿ. ಮದುವೆಯಾಗದ ಅವಳ ಹೆಸರು ಕಡೆಯವರೆಗೂ ಬದಲಾಗಲಿಲ್ಲ. ಆದರೆ 1811ರಲ್ಲಿ ಬಂದ ಅವಳ ಮೊದಲ ಕಾದಂಬರಿಯ ಮೇಲೆ ಇದ್ದದ್ದು 'ಒಬ್ಬ ಮಹಿಳೆ' ಎಂದು ಮಾತ್ರ. 1817ರಲ್ಲಿ ಅವಳು ಸಾಯುವವರೆಗೂ ಯಾವ ಪುಸ್ತಕದ ಮೇಲೂ ಅವಳ ಹೆಸರು ಅಚ್ಚಾಗಲಿಲ್ಲ.

ಇಂಗ್ಲೆಂಡಿನಲ್ಲಿ ಮದುವೆಯಾದ ಹೆಣ್ಣು ಕಾನೂನಿನ ಕಣ್ಣಿಗೆ ಗಂಡನೊಳಗೆ ಕರಗಿಹೋಗುತ್ತಿದ್ದಳು. ಆಸ್ತಿ ಅವನದು, ಹೆಸರೂ ಅವನದು. 1870 ಮತ್ತು 1882ರ ಕಾಯಿದೆಗಳು ಬಂದ ಮೇಲಷ್ಟೇ ಅವಳ ಗಳಿಕೆ, ಅವಳ ಆಸ್ತಿ ಅವಳದಾದವು. ಪಕ್ಕದ ಸ್ಕಾಟ್ಲೆಂಡಿನ ರೀತಿ ಸ್ವಲ್ಪ ಬೇರೆ. ಅಲ್ಲಿ ಹೆಣ್ಣು ಮದುವೆಯಾದ ಮೇಲೂ ಕಾಗದಪತ್ರದಲ್ಲಿ ತವರಿನ ಹೆಸರನ್ನು ಬಿಡುತ್ತಿರಲಿಲ್ಲ, ಗಂಡನ ಹೆಸರು ಜೊತೆಗೆ ಸೇರುತ್ತಿತ್ತು ಅಷ್ಟೆ. ಹಳೆಯ ಸ್ಮಶಾನಗಳ ಕಲ್ಲುಗಳ ಮೇಲೆ ಗಂಡನ ಹೆಸರಿನ ಕೆಳಗೆ ಹೆಂಡತಿಯ ಹೆಸರು ತವರಿನ ಅಡ್ಡಹೆಸರಿನ ಸಮೇತ ಕೆತ್ತಿರುತ್ತದೆ. ಇಂಗ್ಲೆಂಡಿನಲ್ಲಿ 1837ರಲ್ಲಿ ಸರಕಾರಿ ನೋಂದಣಿ ಶುರುವಾದಾಗ ಮದುವೆಯ ದಾಖಲೆಯಲ್ಲಿ ವಧುವರರ ತಂದೆಯರ ಹೆಸರು, ಉದ್ಯೋಗಗಳಿಗೆ ಮಾತ್ರ ಜಾಗವಿತ್ತು. ಸ್ಕಾಟ್ಲೆಂಡಿನಲ್ಲಿ 1855ರಲ್ಲಿ ಶುರುವಾದಾಗಲೇ ತಾಯಂದಿರ ಹೆಸರನ್ನು, ಅದೂ ತವರಿನ ಹೆಸರನ್ನು ಬರೆದರು. ಇಂಗ್ಲೆಂಡಿನ ಮದುವೆ ದಾಖಲೆಗೆ ತಾಯಿಯ ಹೆಸರು ಸೇರಿದ್ದು ಯಾವಾಗ ಗೊತ್ತೆ? 2021ರ ಮೇ 4ರಂದು. ರಾಣಿ ವಿಕ್ಟೋರಿಯಾ ಸಿಂಹಾಸನಕ್ಕೆ ಬಂದ ವರ್ಷ ಮಾಡಿದ ಫಾರ್ಮನ್ನು ತಿದ್ದಲು ನೂರಎಂಬತ್ತನಾಲ್ಕು ವರ್ಷ ಬೇಕಾಯಿತು.

ತಾಯಿಯ ತವರಿನ ಹೆಸರಿಗೆ ಬ್ಯಾಂಕಿನವರು ಮಾತ್ರ ಬಹಳ ಹಿಂದೆಯೇ ಬೆಲೆ ಕಟ್ಟಿದ್ದರು. ಗುರುತು ಖಾತ್ರಿಗೆ ಅವರು ಕೇಳುತ್ತಿದ್ದದ್ದು ಅದನ್ನೇ. ಯಾರಿಗೂ ಗೊತ್ತಿರದ ಹೆಸರು ಎಂಬ ಧೈರ್ಯ. ಸ್ಕಾಟ್ಲೆಂಡಿನಲ್ಲಿ ಇದೇನು ಗುಟ್ಟು, ಗೋರಿಯ ಕಲ್ಲಿನ ಮೇಲೆಯೇ ಇರುತ್ತದಲ್ಲ! ಈ ಪ್ರಶ್ನೆ ನಮ್ಮ ಬ್ಯಾಂಕುಗಳಿಗೂ ಬಂತು. ಫೋನಿನಲ್ಲಿ ಒಬ್ಬ ಹುಡುಗಿ ನನ್ನನ್ನು ಕೇಳಿದಳು, "ಮೇಡಂ, ನಿಮ್ಮ ತಾಯಿಯವರ ತವರುಮನೆ ಸರ್‌ನೇಮ್ ಹೇಳ್ತೀರಾ?" ನಮ್ಮವ್ವ ತುಮಕೂರಿನ ಕಡೆಯವಳು. ಅವರಲ್ಲಿ ಅಡ್ಡಹೆಸರೇ ಇಲ್ಲ, ಹೆಸರಿನ ಹಿಂದೆ ಊರಿನದೊಂದು, ಅಪ್ಪನದೊಂದು ಅಕ್ಷರ, ಅಷ್ಟೆ. ಮದುವೆಯಾಗಿ ಧಾರವಾಡಕ್ಕೆ ಬಂದ ಮೇಲೆ ಆ ಎರಡು ಅಕ್ಷರಗಳೂ ಹೋದವು. "ಅವಳಿಗೆ ಅಡ್ಡಹೆಸರು ಇರಲಿಲ್ಲಮ್ಮ" ಎಂದೆ. "ಏನಾದರೂ ಒಂದು ಹೇಳಿ ಮೇಡಂ, ಖಾಲಿ ಬಿಡೋದಕ್ಕೆ ಬರಲ್ಲ" ಎಂದಳು. ಅವ್ವ ಹುಟ್ಟಿದ ಊರಿನ ಹೆಸರು ಹೇಳಿದೆ. ಅವಳು ಒಂದೊಂದೇ ಅಕ್ಷರ ಕೇಳಿ ಬರೆದುಕೊಂಡಳು.